ತೀರ್ಥದ ಜೋಡಿ ಒಂದು ನೋವಿನ ಗುಳಿಗಿ

ಗೋವಾದ ಮಡಗಾಂವದಾಗ ಮೋತಿ ಡೊಂಗರ ಗುಡ್ಡದ ಬುಡಕ್ಕ ನನ್ನ ಔಷಧ ಅಂಗಡಿ. ಇಲ್ಲಿ ಗುಳಿಗಿ ಮಾರಾಂವ ನಾನು, ಯಾವ ರೋಗಕ್ಕ ಯಾವ್ದು ಅಂತ ನನಗ ಕಲಿಸೋರು ಗಿರಾಕಿಗಳು. ಇಂಥಾ ಪಾಠ ವಾರಕ್ಕೊಂದರ ಆಗತಾವ. ಆದ್ರ ಆ ವರ್ಷ ಒಬ್ಬ ಸಾಹೇಬ್ರೇ ಎಲ್ಲಾ ವಾರದ ಗುತ್ತಿಗಿ ಹಿಡಿದಿದ್ರು.

೧. ಸಣ್ಣ ಅಕ್ಷರ

ಸಾಹೇಬ್ರು ಧಾರವಾಡದವರು, ವಿಮಾ ಕಚೇರಿಯಾಗ ದೊಡ್ಡ ಹುದ್ದೆ. ತಂದಿ, ಅಣ್ಣ ಇಬ್ಬರೂ ದೊಡ್ಡ ಕರುಳಿನ ಕ್ಯಾನ್ಸರದಾಗ ಹೋಗಿದ್ರು. ‘ನೀವೂ ಒಮ್ಮೆ ಕೆಳಗಿಂದ ನಳಿಗಿ ಹಾಕಿಸಿ ಕರುಳು ತೋರಿಸ್ಕೋರಿ’ ಅಂತ ಡಾಕ್ಟರು ಎರಡು ವರ್ಷದಿಂದ ಹೇಳಾಕತ್ತಿದ್ರು. ಸಾಹೇಬ್ರಿಗೆ ಕ್ಯಾನ್ಸರಿಗಿಂತ ನಳಿಗಿ ಅಂಜಿಕಿನೇ ಹೆಚ್ಚು.

ಒಂದಿನ ಸೈಬರ್ ಕೆಫೆದಾಗ ಒಂದು ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸ್ಕೊಂಡು ಬಂದ್ರು.

“ಓದಿದೇನು? ನೋವಿನ ಗುಳಿಗಿ ದಿನಾ ತಗೊಂಡ್ರ ಕರುಳಿನ ಕ್ಯಾನ್ಸರ್ ತಡೀಬಹುದಂತ. ಇನ್ನ ನಳಿಗಿ ಯಾಕ ಬೇಕು?”

“ಡಾಕ್ಟರನ್ನ ಕೇಳದ ತಗೋಬ್ಯಾಡ್ರಿ, ಹೊಟ್ಟ್ಯಾಗ ಹುಣ್ಣಾಗಿ ರಕ್ತ ಬರಬಹುದು ಅಂತ ಕೆಳಗ ಬರದಾರಲ್ರಿ.”

“ಅದು ಸಣ್ಣ ಅಕ್ಷರದಾಗ ಅದ, ಬಿಡು.”

ಮೂವತ್ತು ವರ್ಷ ವಿಮಾ ಮಾರಿದವರು. ಸಣ್ಣ ಅಕ್ಷರ ಯಾರೂ ಓದಬಾರದು ಅನ್ನೋದು ಅವರಿಗೆ ರಕ್ತದಾಗ ಇಳಿದಿತ್ತು.

೨. ಪುರಾವೆ

ಅಷ್ಟೊತ್ತಿಗೆ ಗುಡ್ಡದ ಮ್ಯಾಲಿನ ಗೌಂಡಿ ಒಬ್ಬ ಬಂದ. ವಿಜಾಪುರದ ಕಡಿಯಾಂವ, ಬೆನ್ನುನೋವಿಗೆ ದಿನಾ ಅದೇ ಗುಳಿಗಿ ಎರಡು ಪಟ್ಟಿಯಿಂದ ಕತ್ತರಿಸಿಕೊಂಡು ಒಯ್ಯಾಂವ. ಎಷ್ಟು ಹೇಳಿದ್ರೂ ಡಾಕ್ಟರ ಕಡೆ ಹೋಗಾಂವಲ್ಲ.

ಸಾಹೇಬ್ರು ಅವನನ್ನ ತನಿಖಿ ಮಾಡಾಕ ನಿಂತ್ರು. “ಎಷ್ಟು ವರ್ಷದಿಂದ ನುಂಗ್ತೀಯೋ?”

“ಗೋವಾಕ್ಕ ಬಂದಾಗಿಂದ್ರಿ. ಹನ್ನೆರಡು ವರ್ಷ.”

“ಕರುಳಿನ ಕ್ಯಾನ್ಸರ್ ಏನರೆ ಬಂದದೇನು?”

“ಬರಾಕ ಪುರಸೊತ್ತರ ಎಲ್ಲೈತ್ರಿ? ಐತವಾರನೂ ಸ್ಲ್ಯಾಬ್ ಹಾಕತೀವಿ. ಹೊಟ್ಟಿ ಮಾತ್ರ ಉರೀತೈತ್ರಿ.”

“ನೋಡಿದೇನು ಪುರಾವೆ!” ಅಂತ ಸಾಹೇಬ್ರು ನನ್ನ ಕಡಿಂದ ಒಂದು ಪೊಟ್ಟಣ ತಗೊಂಡೇ ಬಿಟ್ರು. ಉರಿಯೋ ಮಾತು ಅವರ ಕಿವಿಗೆ ಬೀಳಲಿಲ್ಲ, ಅದನ್ನೂ ಅಂವ ಸಣ್ಣ ಅಕ್ಷರದಾಗ ಹೇಳಿದ್ದ ಕಾಣಸ್ತೈತಿ.

೩. ಏಕಾದಶಿ

ತಿಂಗಳಾದ ಮ್ಯಾಲೆ ಸಾಹೇಬ್ರ ಹೆಂಡ್ತಿ, ನಾವೆಲ್ಲಾ ವೈನಿ ಅಂತ ಕರಿಯೋರು, ಅಂಗಡಿಗೆ ಬಂದ್ರು. “ಇವರಿಗೆ ಸ್ವಲ್ಪ ಹೇಳ್ರಿ. ದಿನಾ ಮುಂಜಾನೆ ಪೂಜಾ ಮುಗಿಸಿ, ಖಾಲಿ ಹೊಟ್ಟೀಲೆ ತೀರ್ಥದ ಜೋಡಿ ಗುಳಿಗಿ ನುಂಗ್ತಾರ. ಏಕಾದಶಿ ದಿನ ತೀರ್ಥ ಬಿಟ್ರ ಏನೂ ಮುಟ್ಟಂಗಿಲ್ಲ, ಗುಳಿಗಿ ಮಾತ್ರ ಎರಡು.”

ನನಗ ಸಿಟ್ಟು ಬಂತು. ಸಂಜೀಕ ಸಾಹೇಬ್ರನ್ನ ಹಿಡಿದು ಕೇಳಿದೆ, “ಉಪಾಸದಾಗ ಎರಡು ಯಾಕ್ರಿ?”

“ಏಕಾದಶಿಗೆ ಅನ್ನ ವರ್ಜ್ಯ. ಗುಳಿಗಿ ಅನ್ನ ಅಲ್ಲ. ಪುಣ್ಯದ ದಿನ ಏನು ಮಾಡಿದ್ರೂ ದುಪ್ಪಟ್ಟು ಫಲ.”

“ಇನ್ನ ನಾ ಕೊಡಂಗಿಲ್ರಿ” ಅಂದೆ. ಎದುರಿನ ಅಂಗಡಿಯಾಗ ತಗೊಂಡು, ನನಗ ಕಾಣೂಹಂಗ ಪೊಟ್ಟಣ ಅಲ್ಲಾಡಿಸ್ಕೋತ ಹೋದ್ರು.

೪. ಎರಡು ನಳಿಗಿ

ಮುಂದಿನ ದ್ವಾದಶಿ ಮುಂಜಾನೆ ವೈನಿಯವರು ಓಡಿ ಬಂದ್ರು. ಸಾಹೇಬ್ರು ಬಚ್ಚಲದಾಗ ಬಿದ್ದಿದ್ರು, ಸಂಡಾಸ ಡಾಂಬರಿನಂಗ ಕಪ್ಪು. ಅಂಗಡಿಯಾಗಿದ್ದ ಗೌಂಡಿನೇ ನನ್ನ ಜೋಡಿ ಓಡಿ ಬಂದು ಅವರನ್ನ ಹೊತ್ತು ರಿಕ್ಷಾಕ್ಕ ಹಾಕಿದ.

ಹೊಟ್ಟ್ಯಾಗ ರಕ್ತ ಸೋರೇತಿ ಅಂತ ದವಾಖಾನಿಯಾಗ ರಕ್ತ ಏರಿಸಿದ್ರು. ಡಾಕ್ಟರು ಮನಿತನದ ಕಥಿ ಎಲ್ಲಾ ಕೇಳಿ, “ಮ್ಯಾಲಿಂದ ಒಂದು ನಳಿಗಿ ಹಾಕೋಣು, ಕೆಳಗಿಂದ ಒಂದು” ಅಂದ್ರು. ಒಂದು ತಪ್ಪಿಸ್ಕೊಳ್ಳಾಕ ಹೋಗಿ ಎರಡಾದವು.

ಮ್ಯಾಲಿನ ನಳಿಗಿಯಾಗ ಗುಳಿಗಿ ಮಾಡಿದ ಹುಣ್ಣು ಕಂಡಿತು. ಕೆಳಗಿನದರಾಗ ಒಂದು ಗಂಟು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಅಲ್ಲೇ ತೆಗೆದು ಹಾಕಿದ್ರು. “ಹಂಗ ಬಿಟ್ಟಿದ್ರ ಅಣ್ಣನ ಹಾದಿ ಹಿಡೀತಿದ್ರಿ” ಅಂದ್ರು ಡಾಕ್ಟರು. ವೈನಿಯವರು ಅತ್ರು. ಖರೇ ಹೇಳತೇನಿ, ನನ್ನ ಕಣ್ಣಾಗೂ ನೀರು ಬಂದುವು.

ಸಾಹೇಬ್ರು ಮಾತ್ರ ಮರುದಿನ ದಿಂಬಿಗೆ ಒರಗಿ ಕೂತು ಶುರು ಮಾಡಿದ್ರು. “ಗುಳಿಗಿ ತಗೊಂಡಿದ್ದಕ್ಕ ಹುಣ್ಣಾತು. ಹುಣ್ಣಾಗಿದ್ದಕ್ಕ ನಳಿಗಿ ಹಾಕಿದ್ರು. ನಳಿಗಿ ಹಾಕಿದ್ದಕ್ಕ ಗಂಟು ಸಿಕ್ತು. ಅಂದ್ರ ಗುಳಿಗಿ ಕ್ಯಾನ್ಸರ್ ತಡೀತೋ ಇಲ್ಲೋ?”

ಬಾಗಲದಾಗ ನಿಂತಿದ್ದ ಗೌಂಡಿ ಹೊಟ್ಟಿ ಮ್ಯಾಲೆ ಕೈ ಇಟ್ಕೊಂಡು ಒಳಗ ಬಂದ.

“ಸಾಹೇಬ್ರ, ನಾನು ಹನ್ನೆರಡು ವರ್ಷ ನುಂಗೇನ್ರಿ. ನಂದು ನಳಿಗಿ ಎಂದು ಬರ್ತೈತ್ರಿ?”

ಆವತ್ತು ಮೊದಲನೇ ಸಲ ಸಾಹೇಬ್ರು ತಾವಾಗೇ ಡಾಕ್ಟರನ್ನ ಕರೆಸಿದ್ರು.