ಹೆಬ್ಬಾವಿಗೆ ಹಾಸಿಗೆ

ಮರಳುಗಾಡಿನ ದೇಶದಲ್ಲಿ ಹಾವಿಗೆ ಮರಳನ್ನೇ ಹಾಸಬೇಕೆಂದು ಕೂಸಪ್ಪನಿಗೆ ಯಾರೂ ಹೇಳಿರಲಿಲ್ಲ. ಅವನೇ ಬುದ್ಧಿ ಓಡಿಸಿದ್ದು. ಸೌದಿಯ ಅಭಾ ಊರಿನಲ್ಲಿ ಅವನ ಕೆಲಸ ಕ್ಯಾಪ್ರಿಸ್ ಕಾರು ಓಡಿಸುವುದು. ಆದರೆ ಅವನ ಕಫೀಲ್, ಅಂದರೆ ಅವನನ್ನು ಕರೆಸಿಕೊಂಡು ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟ ಯಜಮಾನ ಅಬು ಫಹದ್, ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬಾವಿನ ಮರಿಯನ್ನೂ ಅದರ ಊಟಕ್ಕೆಂದು ಇನ್ನೊಂದು ಪೆಟ್ಟಿಗೆಯಲ್ಲಿ ಬಿಳಿ ಇಲಿಗಳನ್ನೂ ಸಾಕತೊಡಗಿದರು. ಕಾರು ಒರೆಸುವವನೇ ಪೆಟ್ಟಿಗೆಗಳನ್ನೂ ಒರೆಸಬೇಕಾಯಿತು. ಇಲಿಯ ಜೊತೆ ಮರಳೂ ಬಾಯಿಗೆ ಹೋಗಿ ಹಾವು ಊಟ ಬಿಟ್ಟಿತು.

ಅದೂ ಕೂಸಪ್ಪ ರಜೆ ಕೇಳಿದ ದಿನವೇ. ಅವನು ಊರು ಬಿಡುವಾಗ ಹೆಂಡತಿ ವಾರಿಜಾ ಬಸುರಿ. ಈಗ ಮಗಳು ಅಂಗಳವೆಲ್ಲ ಓಡುತ್ತಾಳಂತೆ. ಊರಿನಿಂದ ಬಂದ ಕ್ಯಾಸೆಟ್ಟಿನಲ್ಲಿ ಅವಳ ಅಳು ಕೇಳಿದ್ದಷ್ಟೇ, ಅಪ್ಪ ಮಗಳ ಮುಖ ನೋಡಿಲ್ಲ.

"ಸಂಜೆಯೊಳಗೆ ಸರಿಯಾದ ಹಾಸು ಹುಡುಕು," ಎಂದರು ಅಬು ಫಹದ್ ಅರಬಿಯಲ್ಲಿ. "ಹಾವು ತಿಂದರೆ ಪಾಸ್‌ಪೋರ್ಟ್ ನಿನ್ನ ಕೈಯಲ್ಲಿ. ಯಲ್ಲಾ, ಹೊರಡು ಬೇಗ!"

ಸುದ್ದಿ ತಿಳಿದು ಕೂಸಪ್ಪನ ಕೋಣೆಯಲ್ಲೇ ಇರುವ ಬಡಗಿ ಮೂಸಾ ಚೀಲ ಹೊತ್ತು ಬಂದ. "ಎಂತ ಮಾರಾಯ, ಇಷ್ಟಕ್ಕೆ ಮಂಡೆಬಿಸಿಯಾ? ಮರದ ಹುಡಿ ಹಾಕು. ಮೆತ್ತಗೆ ಮಲಗ್ತದೆ."

ಅದು ಅಲ್ಲಿನ ಬೆಟ್ಟದ ಮರದ ಹುಡಿ. ಅಗರಬತ್ತಿ ಅಂಗಡಿಯ ಹಾಗೆ ಘಮಘಮಿಸಿತು. ಹಾಸಿದ್ದೇ ತಡ, ಇಲಿಗಳು ಒಂದರ ಹಿಂದೊಂದು ಸೀನತೊಡಗಿದವು. ಹಾವು ಗಾಜಿಗೆ ಮೂಗೊತ್ತಿ ಹೊರಗಿನ ಗಾಳಿಗೆ ಹಂಬಲಿಸಿತು.

"ವಾಸನೆಯದ್ದು ಇದಕ್ಕೆ ಆಗುದಿಲ್ಲ," ಎಂದ ಅದೇ ಕೋಣೆಯ ಮೂರನೆಯವನು, ಹೋಟೆಲಿನ ಅಡುಗೆಯ ಸಿದ್ದೀಕ್. "ನಮ್ಮ ಹೋಟೆಲಿಂದ ಅಕ್ಕಿ ಗೋಣಿ ತಂದಿದ್ದೇನೆ, ಹಾಸಿ ನೋಡು."

ಆದರೆ ಆ ಗೋಣಿಯಲ್ಲಿ ಹೋಟೆಲಿನ ಇಲಿಗಳು ಸಂಸಾರ ಮಾಡಿ ಹೋಗಿದ್ದವು. ಹಾವು ಗೋಣಿಯನ್ನೇ ಇಲಿಯೆಂದು ತಿಳಿದು ಮೂಲೆಯಿಂದ ನುಂಗಲು ಶುರುಮಾಡಿತು. ಊರಲ್ಲಿ ಹಾವು ಕಂಡರೆ ಕೈಮುಗಿದು ದಾರಿ ಬಿಡುವ ಕೂಸಪ್ಪ ಇಲ್ಲಿ ಅದರೊಡನೆ ಹಗ್ಗಜಗ್ಗಾಟಕ್ಕೆ ನಿಂತ.

"ಸ್ವಾಮೀ, ತಪ್ಪಾಯ್ತು, ಬಿಟ್ಟುಬಿಡಿ! ಊರಿಗೆ ಮುಟ್ಟಿದ ಕೂಡಲೇ ನಾಗನಕಟ್ಟೆಯಲ್ಲಿ ತಂಬಿಲ ಸೇವೆ ಮಾಡಿಸ್ತೇನೆ!"

ಹರಕೆ ತಲುಪಿತೋ ಗೋಣಿ ರುಚಿಸಲಿಲ್ಲವೋ, ಹಾವು ಬಾಯಿ ಬಿಟ್ಟಿತು. ಕೂಸಪ್ಪನಿಗೆ ಆಗ ಕಾಗದ ಹೊಳೆಯಿತು. ವಾಸನೆಯಿಲ್ಲ, ಬಾಯಿಗೆ ಅಂಟುವುದಿಲ್ಲ, ಕೊಳೆಯಾದರೆ ಬಿಸಾಡಬಹುದು. ಕಫೀಲರ ಅರಬಿ ಪತ್ರಿಕೆಯನ್ನು ಬಿಡಿಸಿದ್ದೇ ಮೂಸಾ ಹಾರಿ ಬಂದು ಕಸಿದುಕೊಂಡ.

"ತಲೆ ಸರಿ ಉಂಟಾ ನಿನಗೆ? ಇದರಲ್ಲಿ ಅಲ್ಲಾಹನ ಹೆಸರು ಇರ್ತದೆ. ನೆಲಕ್ಕೇ ಹಾಕ್ಲಿಕ್ಕಿಲ್ಲ, ನೀನು ಹಾವಿನ ಕೆಳಗೆ ಹಾಕುದಾ?"

ಉಳಿದದ್ದು ಕನ್ನಡ ಪತ್ರಿಕೆ. ಊರಿನ ಹಪ್ಪಳಕ್ಕೆ ಸುತ್ತಿ ಬಂದ ಹಾಳೆಗಳನ್ನು ಮೂವರೂ ಮಂಚದಡಿ ಜೋಪಾನ ಮಾಡಿ, ಎಣ್ಣೆಯ ಕಲೆ ಸಮೇತ ಬಾಯಿಪಾಠ ಮಾಡಿದ್ದರು. ಮೂಸಾ ತನ್ನ ದೇವರು, ಕೂಸಪ್ಪನ ದೇವರು ಇರುವ ಪುಟಗಳನ್ನೆಲ್ಲ ಆರಿಸಿ ತೆಗೆದ. ಉಳಿದದ್ದು ರಾಜಕೀಯ, ಮತ್ತೆ ಮೊನ್ನೆಯಷ್ಟೇ ಬಂದ ಹಾಳೆಯಲ್ಲಿನ ಒಂದು ಧಾರಾವಾಹಿ. ರಾಜಕೀಯವನ್ನು ಇಲಿಗಳಿಗೆ ಹರಿದು ಹಾಕಿದರು. ಧಾರಾವಾಹಿ ಹಾವಿನ ಪಾಲಾಯಿತು.

"ಅಯ್ಯೋ, ಅದನ್ನು ನಾನು ಓದಿ ಆಗ್ಲಿಲ್ಲ!" ಎಂದು ಸಿದ್ದೀಕ್ ಗಾಜಿಗೆ ಮುಖವಿಟ್ಟು ಕುಳಿತ. "ಓ ಹಾವೇ, ಸ್ವಲ್ಪ ಆಚೆ ಸರಿ."

ಸಂಜೆ ಅಬು ಫಹದ್ ಬಂದರು. ಇಲಿಗಳು ಚೂರು ಕಾಗದದಲ್ಲಿ ಗೂಡು ಕಟ್ಟಿ ಸೀನುವುದನ್ನೇ ಮರೆತಿದ್ದವು. ಹಾವು ಒಂದು ಇಲಿಯನ್ನು ಸಲೀಸಾಗಿ ನುಂಗಿ ಸುರುಳಿ ಸುತ್ತಿಕೊಂಡಿತು. ಕಫೀಲ್ ಕುಣಿಯುವುದೊಂದು ಬಾಕಿ. ಬೀರು ತೆಗೆದು ಪಾಸ್‌ಪೋರ್ಟನ್ನು ಕೂಸಪ್ಪನ ಕೈಯಲ್ಲಿಟ್ಟರು.

"ಕೊಟ್ಟ ಮಾತು ಕೊಟ್ಟಂತೆ. ಆದರೆ ರಜೆ ಇಲ್ಲ. ನಿನ್ನಂಥವನು ಹೋದರೆ ನನ್ನ ಹಾವನ್ನು ನೋಡುವವರು ಯಾರು?"

ಕೂಸಪ್ಪನ ಕಣ್ಣಲ್ಲಿ ನೀರು ಬಂತು. ಗಾಬರಿಯಾದ ಅಬು ಫಹದ್ ಅವನ ಭುಜ ಹಿಡಿದರು. "ಅಳಬೇಡ! ನಿನ್ನ ಹೆಂಡತಿ, ಮಗಳನ್ನು ಇಲ್ಲಿಗೇ ಕರೆಸುತ್ತೇನೆ. ವೀಸಾ, ಟಿಕೆಟ್ ಎಲ್ಲ ನನ್ನದು. ಈ ಪಕ್ಕದ ಉಗ್ರಾಣದಲ್ಲೇ ಇರಿ. ಹಾವು ನಿನಗೆ, ಇಲಿಗಳು ನಿನ್ನ ಹೆಂಡತಿಗೆ!"

ಅವರು ಹೋದ ಮೇಲೆ ಸಿದ್ದೀಕ್ ಮೆಲ್ಲನೆ ಕೇಳಿದ. "ಅಲ್ಲ ಕೂಸಪ್ಪಣ್ಣ, ಇಲಿ ಸಾಕುವ ಕೆಲಸ ಅಂತ ಅತ್ತಿಗೆಗೆ ಹೇಗೆ ಹೇಳ್ತಿ?"

ಕೂಸಪ್ಪ ಆಗಲೇ ಉಗ್ರಾಣದ ನೆಲ ಗುಡಿಸುತ್ತಿದ್ದ. "ಈಗ ಹೇಳುದೇ ಇಲ್ಲ ಮಾರಾಯ. ಅವಳು ವಿಮಾನ ಇಳಿಯಲಿ, ನಾನು ಮಗುವನ್ನು ಒಮ್ಮೆ ಎತ್ತಿಕೊಳ್ತೇನೆ. ಮತ್ತೆ ಎಷ್ಟು ಬೇಕಾದರೂ ಬೈಲಿ."