ಜಪಾನ್ ಗಂಟು

ಗೋವರ್ಧನನಿಗೆ ಜಪಾನಿನ ಹುಚ್ಚು ಹಿಡಿದದ್ದು ಫೋನಿನಿಂದ. ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನ ಎದುರು ಅವನದು ಹತ್ತಡಿ ಅಗಲದ ಸೀರೆ ಅಂಗಡಿ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಜಪಾನಿನವರು ರೈಲು ಒರೆಸುವುದು, ಡಬ್ಬಿಗೆ ಊಟ ತುಂಬುವುದು, ಅಂಗಡಿ ಬಾಗಿಲಲ್ಲಿ ನಿಂತು ನಮಸ್ಕರಿಸುವುದು ಎಲ್ಲ ನೋಡುತ್ತಾ ನೋಡುತ್ತಾ ಒಂದೇ ವರ್ಷದಲ್ಲಿ ಮನುಷ್ಯ ಅರ್ಧ ಅಲ್ಲಿಯವನೇ ಆಗಿಬಿಟ್ಟ. ಗಲ್ಲಾದ ಮೇಲೆ ಕೈಯಾಡಿಸುವ ಬಿಳಿ ಬೆಕ್ಕಿನ ಗೊಂಬೆ ಬಂತು. ಯಾರೇ ಬಂದರೂ ಸೊಂಟ ಬಗ್ಗಿಸಿ ನಮಸ್ಕಾರ. ವಯಸ್ಸಾದವರು ಇವನು ಕಾಲಿಗೆ ಬೀಳುತ್ತಿದ್ದಾನೆಂದು ತಿಳಿದು ತಲೆ ಮುಟ್ಟಿ ಹರಸುತ್ತಿದ್ದರು. ಹರಸಿದ ಮೇಲೆ ಸಲಿಗೆಯಿಂದ ದರ ಇಳಿಸುತ್ತಿದ್ದರು.

“ಲೇ ಗೋವರ್ಧನ, ಹಿಂಗೇ ಬಗ್ತಾ ಇದ್ದು ಸೊಂಟ ಹಿಡ್ಕಂಡ್ರೆ ಜಪಾನ್‌ನೋರು ಬಂದು ನೀವ್ತಾರೇನಲೇ?” ಎಂದು ಪಕ್ಕದ ಹೋಟೆಲಿನ ಬೊಮ್ಮಲಿಂಗಪ್ಪ ದಿನಕ್ಕೊಮ್ಮೆ ಕೇಳುತ್ತಿದ್ದ. ಊರಿನ ಸುದ್ದಿಯೆಲ್ಲ ಅವನ ಕಾವಲಿಯ ಮೇಲೆ ದೋಸೆಗಿಂತ ಮೊದಲು ಬೇಯುತ್ತಿತ್ತು.

ಹೀಗಿರುವಾಗ ಗೋವರ್ಧನನ ಕಣ್ಣಿಗೆ ಒಂದು ಹೊಸ ವಿಡಿಯೋ ಬಿತ್ತು. ಜಪಾನಿನಲ್ಲಿ ಹೊಸ ವರ್ಷಕ್ಕೆ ಅಂಗಡಿಯವರು ಉಳಿದ ಮಾಲನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಒಂದೇ ದರಕ್ಕೆ ಮಾರುತ್ತಾರಂತೆ. ಒಳಗೇನಿದೆ ಎಂದು ನೋಡುವ ಹಾಗಿಲ್ಲ. ಅದೃಷ್ಟ ಇದ್ದವರಿಗೆ ಒಳ್ಳೆಯದು ಸಿಗುತ್ತದೆ. ಜನ ಬೆಳಗಿನ ಚಳಿಯಲ್ಲೇ ಸಾಲು ನಿಲ್ಲುತ್ತಾರಂತೆ.

ಗೋವರ್ಧನ ತನ್ನ ಕೆಳಗಿನ ಹಲಗೆ ನೋಡಿದ. ಯಾರಿಗೂ ಬೇಡವಾದ ನಲವತ್ತು ಸೀರೆಗಳು. ಅವುಗಳ ಯಜಮಾನಿಯಂತೆ ಮೇಲೆ ಕೂತಿದ್ದದ್ದು ಕಿತ್ತಳೆ ಅಂಚಿನ ಗಿಳಿಹಸಿರು ಸೀರೆ. ನಾಲ್ಕು ವರ್ಷದಲ್ಲಿ ಅದನ್ನು ಬಿಚ್ಚಿ ನೋಡಿದವರು ಇನ್ನೂರು ಜನ, ಮಡಚಿದವನು ಗೋವರ್ಧನ ಒಬ್ಬನೇ.

“ಐವತ್ತು ಸೀರೆ ಬಿಚ್ಚಿಸಿ ಒಂದು ಬ್ಲೌಸ್ ಪೀಸ್ ತಗಳೋ ಊರಿದು. ನೋಡ್ದಲೆ ಯಾರ್ರೀ ತಗಂತಾರೆ?” ಎಂದಳು ಹೆಂಡತಿ ಗಂಗಲಕ್ಷ್ಮಿ.

ಅವನು ಕೇಳಲಿಲ್ಲ. ನಲವತ್ತನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಕೆಂಪು ದಾರ ಕಟ್ಟಿ, ಬೋರ್ಡ್ ನೇತುಹಾಕಿದ: ‘ಜಪಾನಿನ ಅದೃಷ್ಟದ ಗಂಟು. ನಾನೂರು ರೂಪಾಯಿ. ಬಿಚ್ಚಬಾರದು. ವಾಪಸ್ ಇಲ್ಲ.’ ಅದೇ ಸಂಜೆ ನೇಕಾರ ಓಬಯ್ಯ ಒಂದು ರೇಷ್ಮೆ ಸೀರೆ ತಂದುಕೊಟ್ಟ. ರಾಂಪುರದ ಸಿದ್ದಕ್ಕ ಮಗಳು ಹರ್ಷಿತಾಳ ಧಾರೆಗೆಂದು ಗೋವರ್ಧನನಿಗೆ ಮುಂಗಡ ಕೊಟ್ಟು ನೇಯಿಸಿದ್ದ ಬದನೆಹೂವಿನ ಬಣ್ಣದ ಸೀರೆ, ತುಂಬು ಜರಿ. ಅಂಗಡಿಯಲ್ಲಿ ಎಲ್ಲವೂ ಒಂದೇ ರೀತಿ ಕಾಣಬೇಕೆಂಬುದು ಗೋವರ್ಧನನ ಹೊಸ ಶಿಸ್ತು. ಅದನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ, ಕೆಂಪು ದಾರ ಕಟ್ಟಿ, ಮೇಲಿನ ಹಲಗೆಯಲ್ಲಿಟ್ಟ.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆದದ್ದೇ ತಡ, ಹೆಂಗಸರು ಮುಗಿಬಿದ್ದರು. ಬಿಚ್ಚಿ ಎಂದು ಒಬ್ಬಳೂ ಕೇಳಲಿಲ್ಲ. ಒಬ್ಬೊಬ್ಬಳು ಎರಡೆರಡು ಗಂಟು ಬಗಲಿಗಿಟ್ಟುಕೊಂಡು ಹೋದಳು. ಹನ್ನೊಂದಕ್ಕೆ ಎಲ್ಲ ಖಾಲಿ. ಗೋವರ್ಧನನಿಗೆ ಆನಂದಕ್ಕೆ ಕಣ್ಣಲ್ಲಿ ನೀರೇ ಬಂತು. ಬೆಕ್ಕಿಗೆ ಬಗ್ಗಿ ನಮಸ್ಕರಿಸಿದ.

ಬಗ್ಗಿದವನು ಏಳುವಷ್ಟರಲ್ಲಿ ಫೋನ್ ಬಂತು. ಸಿದ್ದಕ್ಕ. “ಗೋವರ್ಧನಣ್ಣ, ಸಂಜೆ ಅರಿಶಿನ ಶಾಸ್ತ್ರದೊಳಗೆ ಸೀರೆ ತಲುಪಿಸ್ರಿ. ನಾಳೆ ಬೆಳಿಗ್ಗೇನೇ ಧಾರೆ.”

“ಆಯ್ತಕ್ಕ, ತಲುಪಿಸ್ತೀನಿ,” ಎಂದು ತಿರುಗಿ ನೋಡಿದ. ಮೇಲಿನ ಹಲಗೆಯೂ ಖಾಲಿ. ನೂಕುನುಗ್ಗಲಿನಲ್ಲಿ ಅವನದೇ ಕೈ ಅಲ್ಲಿಗೂ ಹೋಗಿತ್ತು.

ನಾಳೆ ಆ ಹುಡುಗಿ ಏನುಟ್ಟು ಹಸೆಮಣೆ ಏರಬೇಕು? ಚಪ್ಪಲಿ ಮೆಟ್ಟುವುದನ್ನೂ ಮರೆತು ಬಸ್ ಸ್ಟ್ಯಾಂಡಿಗೆ ಓಡಿದ. ಕಲ್ಲುಬೆಂಚಿನ ಮೇಲೆ ನಾಗಕ್ಕ ಎರಡು ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ನಾಗಕ್ಕ, ಒಂದ್ಸಲ ಗಂಟು ಕೊಡು. ಬಿಚ್ಚಿ ನೋಡಿ ಕೊಡ್ತೀನಿ.”

“ಬಿಚ್ಚಬಾರದು ಅಂತ ನೀನೇ ಬರ್ದಿದ್ದೀಯಲ್ಲಪ್ಪ?”

“ಅದು ಜಪಾನ್‌ನಾಗೆ ಕಣಕ್ಕ.”

“ಮೊಳಕಾಲ್ಮೂರ್ನಾಗೂ ಅಷ್ಟೇಯ. ಮುಯ್ಯಿ ಸೀರೆ ಯಾರನಾ ಬಿಚ್ತಾರಾ?” ಎಂದು ನಾಗಕ್ಕ ನಕ್ಕಳು. “ಮದುವೆಗೆ ಕೊಟ್ಟಿದ್ದನ್ನ ಅವ್ರು ಹಂಗೇ ಎತ್ತಿಟ್ಟು ಇನ್ನೊಂದು ಮದುವೆಗೆ ಕೊಡ್ತಾರೆ. ಬಿಚ್ಚಿದ್ರೆ ಮಡಿಕೆ ಕೆಡ್ತೈತೆ. ನೀನು ಕಟ್ಟೇ ಕೊಟ್ಟೀಯ, ಭಾಳ ಚಲೋ ಆತು. ಅದ್ಕೇ ಎಲ್ರೂ ತಗಂಡಿರೋದು.”

ಜಪಾನಿನ ವಿದ್ಯೆ ತನ್ನೂರಿನಲ್ಲಿ ಗೆದ್ದದ್ದು ಯಾಕೆಂದು ಗೋವರ್ಧನನಿಗೆ ಆಗ ತಿಳಿಯಿತು.

“ಯಾರ ಮದುವೆಗಕ್ಕ?”

“ರಾಂಪುರದ ಸಿದ್ದಕ್ಕನ ಮಗಳದು. ಈ ಕಡೆಯಿಂದ ಎಲ್ರೂ ಅಲ್ಲಿಗೇ ಹೊಂಟೀವಿ.”

ಗೋವರ್ಧನ ಪಕ್ಕದ ಕಂಬ ಹಿಡಿದುಕೊಂಡ. ಅಷ್ಟರಲ್ಲಿ ಬೊಮ್ಮಲಿಂಗಪ್ಪ ಬಂದ. ವಿಷಯ ಕೇಳಿದವನೇ, ಉಪಕಾರ ಮಾಡುವ ಉತ್ಸಾಹದಲ್ಲಿ ಬೆಂಚು ಹತ್ತಿ ಕೂಗಿದ: “ಅಕ್ಕದೀರಾ, ಒಂದು ಗಂಟಿನಾಗೆ ಅಪ್ಪಟ ರೇಷ್ಮೆ ಸೀರೆ ಹೋಗ್ಬಿಟ್ಟೈತಂತೆ! ಯಾರತ್ರ ಐತೆ ಕೊಟ್ಬಿಡ್ರವ್ವ!”

ಇಡೀ ಬಸ್ ಸ್ಟ್ಯಾಂಡಿನ ಗಂಟುಗಳು ಒಮ್ಮೆಲೇ ಸೆರಗಿನೊಳಗೆ ಸೇರಿದವು. ಒಬ್ಬ ಮುದುಕಿ ತನ್ನದನ್ನು ಮೂಸಿ ನೋಡಿ, “ನಾದೇನೇಮೋ”, ನನ್ನದೇ ಇರಬೇಕು, ಎಂದು ತೆಲುಗಿನಲ್ಲಿ ಗೊಣಗಿ, ಅದರ ಮೇಲೇ ಕೂತಳು. ಬಸ್ ಬಂತು. ಗಂಟುಗಳೆಲ್ಲ ಹತ್ತಿ ಹೋದವು.

“ಇದೊಳ್ಳೆ ಉಪಕಾರ ಮಾಡ್ದೆ,” ಎಂದ ಗೋವರ್ಧನ, ಅಳುವ ದನಿಯಲ್ಲಿ.

“ಹೆದರ್‌ಬ್ಯಾಡಲೇ, ನನ್ನ ಗಾಡಿ ಐತೆ. ಬಸ್ಸಿಗಿಂತ ಮುಂಚೇನೇ ಹೋಗಣ.”

ಬೊಮ್ಮಲಿಂಗಪ್ಪನ ಗಾಡಿ ಹೊರಡುವ ಹೊತ್ತಿಗೆ ಅವನ ಹೋಟೆಲಿನ ಊಟದ ಹೊತ್ತು ಮುಗಿದಿತ್ತು. ಅರ್ಧ ದಾರಿಯಲ್ಲಿ ಪೆಟ್ರೋಲ್ ಮುಗಿಯಿತು. ಉರಿಬಿಸಿಲಲ್ಲಿ ಬರಿಗಾಲಿನಲ್ಲಿ ಗಾಡಿ ತಳ್ಳುತ್ತಾ ಗೋವರ್ಧನ ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿಕೊಂಡ. ತಪ್ಪು ಮಾಡಿದ ಕಂಪನಿಯ ಯಜಮಾನರು ಜಪಾನಿನಲ್ಲಿ ಎಷ್ಟು ಬಗ್ಗುತ್ತಾರೆಂದು ಅವನಿಗೆ ಗೊತ್ತಿತ್ತು. ಅಷ್ಟೂ ಬಗ್ಗುವುದೆಂದು ನಿಶ್ಚಯಿಸಿದ.

ರಾಂಪುರ ಮುಟ್ಟಿದಾಗ ಐದು ಗಂಟೆ. ಚಪ್ಪರದ ಮೂಲೆಯಲ್ಲಿ ಅವನ ಬಿಳಿ ಗಂಟುಗಳು ಗುಡ್ಡೆ ಬಿದ್ದಿದ್ದವು. ಬಾಗಿಲಿಗೆ ಬಂದ ಸಿದ್ದಕ್ಕನ ಮುಂದೆ ಗೋವರ್ಧನ ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿದ. ಪಕ್ಕದಲ್ಲಿದ್ದ ಅಜ್ಜ ತಲೆ ಮುಟ್ಟಿ, “ನೂರು ವರ್ಷ ಬಾಳಪ್ಪ” ಎಂದ.

“ಅಕ್ಕ, ಒಂದು ತಪ್ಪಾಗೈತೆ…”

“ಅದೆಲ್ಲ ಆಮೇಲೆ. ಬರ್ರಿ ಇಲ್ಲಿ, ಇದನ್ನ ನೋಡ್ರಿ ಮೊದ್ಲು!” ಎಂದು ಸಿದ್ದಕ್ಕ ಅವನನ್ನು ಒಳಗೆ ಎಳೆದೊಯ್ದಳು.

ಚಾಪೆಯ ಮೇಲೆ ಬದನೆಹೂವಿನ ಬಣ್ಣದ ಸೀರೆ ಹರಡಿತ್ತು. ಸುತ್ತ ಹೆಂಗಸರು.

“ನಮ್ಮ ನಾದಿನಿ ಜಯಕ್ಕ ತಂದೌಳೆ, ಚಳ್ಳಕೆರೆಯಿಂದ. ಒಂಬತ್ತು ವರ್ಷ ಆಗಿತ್ತು ನಮ್ಮನೆ ಹೊಸ್ಲು ತುಳ್ದು. ಅವ್ಳು ಯಾರಿಗೋ ಕೊಟ್ಟಿದ್ದ ಮುಯ್ಯಿ ಸೀರೆ ಮೂರು ಮನೆ ಸುತ್ತಿ, ನನಗೆ ತಿಳೀದಲೇ ನನ್ನ ಕೈಯಿಂದ ಅವ್ಳಿಗೇ ಹೋಗಿತ್ತು. ಅಷ್ಟಕ್ಕೇ ಮುನಿಸು. ಇವತ್ತು ಇದನ್ನ ಹಿಡ್ಕಂಡು ಬಂದ್ಲು. ಸುಳ್ಳ್ಯಾಕೆ ಹೇಳ್ಲಿ, ಕೊಂಕು ತೆಗೆಯೋಣ ಅಂತ್ಲೇ ಬಿಚ್ಚಿದೆ. ನೋಡಿದ್ರೆ ಹಿಂಗೈತೆ! ನಾವು ನಿಮಗೆ ಹೇಳಿದ್ದ ಬಣ್ಣಾನೇ ತಂದೌಳೆ. ಅಣ್ಣನ ಮಗಳ ಮನಸು ಅಷ್ಟು ತಿಳ್ಕಂಡೌಳೆ.” ಸಿದ್ದಕ್ಕನ ಕಣ್ಣು ತುಂಬಿತು.

ಗೋವರ್ಧನ ಬಾಯಿ ತೆರೆದ. ಅತ್ತಿತ್ತ ನೋಡಿದ. ಗೋಡೆಗೊರಗಿ ಕೂತ ಜಯಕ್ಕನ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು. ಅವಳ ಹಿಂದೆ, ಕೆನ್ನೆಗೆಲ್ಲ ಅರಿಶಿನ ಮೆತ್ತಿಕೊಂಡು, ಹರ್ಷಿತಾ ನಿಂತಿದ್ದಳು. ಓಬಯ್ಯನ ಮಗ್ಗದ ಮುಂದೆ ಮೂರು ಸಲ ಬಂದು ಕೂತು ಇದೇ ಸೀರೆಯ ಅಂಚು ಆರಿಸಿದ ಹುಡುಗಿ. ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅವ್ವನಿಗೆ ಕಾಣದಂತೆ ಎರಡೂ ಕೈ ಜೋಡಿಸಿ, ಬೇಡ ಎಂದು ತಲೆಯಾಡಿಸಿದಳು.

ಗೋವರ್ಧನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ನುಂಗಿಕೊಂಡ.

“ಅಕ್ಕ, ನಿಮ್ಮ ಸೀರೆ ತಯಾರಾಗ್ಲಿಲ್ಲ. ನಂದೇ ತಪ್ಪು.”

“ಒಳ್ಳೇದೇ ಆತು ಬಿಡ್ರಿ!” ಎಂದಳು ಸಿದ್ದಕ್ಕ. “ನಾಳೆ ಧಾರೆಗೆ ಜಯಕ್ಕಂದೇ ಉಡಿಸ್ತೀವಿ. ನಿಮ್ಮದನ್ನ ಇನ್ಯಾರಿಗಾದ್ರೂ ಮಾರ್ಕಳ್ರಿ. ಮುಂಗಡ ವಾಪಸ್ ಕೊಡೋಕೆ ಅವಸರ ಇಲ್ಲ, ಮದುವೆ ಮುಗೀಲಿ.”

ಆಚೆ ಬರುವಾಗ ಚಪ್ಪರದ ಕಂಬದ ಹತ್ತಿರ ಜಯಕ್ಕ ಅಡ್ಡ ಬಂದಳು. ಬಸ್ ಬದಲಿಸುವ ಅವಸರದಲ್ಲಿ ಅವನ ಅಂಗಡಿಗೆ ನುಗ್ಗಿದ್ದವಳು. “ಅಣ್ಣಾ, ದಿಟ ಹೇಳು. ನಾನು ಕೊಟ್ಟಿದ್ದು ನಾನೂರು ರೂಪಾಯಿ. ಅದ್ರಾಗೆ ಅಂಥ ಸೀರೆ ಹೆಂಗೆ ಬಂತು? ಈಗ್ಲೇ ಹೇಳಿದ್ರೆ ಒಪ್ಕಂಡು ವಾಪಸ್ ಕೊಡ್ತೀನಿ.”

ಒಳಗಿನಿಂದ ಸಿದ್ದಕ್ಕ, “ಜಯಾ, ಬಾರೇ, ಅರಿಶಿನ ಹಚ್ಚೋಕೆ ಸೋದರತ್ತೆ ಬ್ಯಾಡ್ವಾ?” ಎಂದು ಕೂಗಿದಳು.

“ಅದೃಷ್ಟದ ಗಂಟು ಅಂತ ಬೋರ್ಡ್ ಹಾಕಿದ್ನಲ್ಲಕ್ಕ,” ಎಂದ ಗೋವರ್ಧನ. “ಮಾರಿದ್ದು ವಾಪಸ್ ತಗಳಲ್ಲ. ಜಪಾನ್ ಪದ್ಧತಿ. ಹೋಗು, ಕರೀತಾವ್ರೆ.”

ಜಯಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಓಡಿದಳು. ಗಾಡಿ ಹತ್ತುವಷ್ಟರಲ್ಲಿ ಸಿದ್ದಕ್ಕ ಹಿಂದೆಯೇ ಬಂದು, “ಮನೆಗೆ ಬಂದೋರನ್ನ ಬರಿಗೈಲಿ ಕಳಿಸಬಾರ್ದು, ಗಂಗಲಕ್ಷ್ಮಿಗೆ ಕೊಡ್ರಿ” ಎಂದು ಗುಡ್ಡೆಯಿಂದ ಒಂದು ಗಂಟು ಎತ್ತಿ, ಮೇಲೊಂದು ತೆಂಗಿನಕಾಯಿ ಇಟ್ಟು ಕೊಟ್ಟಳು.

ದೀಪ ಹಚ್ಚುವ ಹೊತ್ತಿಗೆ ಗೋವರ್ಧನ ಮನೆ ಸೇರಿದ. ಬೆಳಿಗ್ಗೆ ಗಂಟು ಮಾರಿ ಬಂದದ್ದೆಲ್ಲ ಓಬಯ್ಯನ ಕೂಲಿಗೂ ಸಿದ್ದಕ್ಕನ ಮುಂಗಡಕ್ಕೂ ಸರಿಹೋಗುತ್ತಿತ್ತು. ಅಂಗಾಲಿನ ಬೊಬ್ಬೆ ಮಾತ್ರ ಲಾಭ. ಆದರೂ ಯಾಕೋ ಮನಸ್ಸು ಹಗುರವಾಗಿತ್ತು. ಹೆಂಡತಿಗೆ ಎಲ್ಲ ಹೇಳಿದ. ಗಂಗಲಕ್ಷ್ಮಿ ಬೈಯಲಿಲ್ಲ. “ಆ ಮಗು ನಾಳೆ ಚೆಂದ ಕಾಣ್ತಾಳೆ ಬಿಡ್ರಿ,” ಎಂದಳು. ಆಮೇಲೆ ತೆಂಗಿನಕಾಯಿ ಪಕ್ಕಕ್ಕಿಟ್ಟು ಕೆಂಪು ದಾರ ಬಿಚ್ಚಿದಳು.

ಒಳಗಿದ್ದದ್ದು ಕಿತ್ತಳೆ ಅಂಚಿನ ಗಿಳಿಹಸಿರು ಸೀರೆ.

ಗಂಗಲಕ್ಷ್ಮಿ ಸೀರೆಯನ್ನೂ ಗಂಡನನ್ನೂ ನೋಡಿದಳು. “ಅಲ್ರೀ,” ಎಂದಳು, ನಗು ತಡೆಯಲಾರದೆ, “ಜಪಾನ್‌ನಾಗೆ ಮಾರಿದ್ದು ವಾಪಸ್ ತಗಳೋದಿಲ್ಲ ಅಂದಿದ್ರಿ?”