ಮೂವತ್ತಾರು ಪಾಯಿಂಟ್ ಆರನ್ನು ತಿದ್ದಿದವರಿಗೆ

ಕೋಡ್ ಒಪ್ಪಗೊಳಿಸುವ ಉಪಕರಣ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವು ಕುಶಲವೆಂದು ಬಲ್ಲೆ. ತಮಗೆ ನೆಗಡಿಯಾಗುವುದಿಲ್ಲ, ಊಟ ತಪ್ಪುವುದಿಲ್ಲ, ಮಾಡಿದ್ದರ ಬಗ್ಗೆ ಆಮೇಲೆ ಕೂತು ಯೋಚಿಸುವ ಚಾಳಿಯಂತೂ ಮೊದಲೇ ಇಲ್ಲ. ನಾನು ಇನ್‌ಕ್ಯುಬೇಟರ್, ಅಂದರೆ ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಗಳನ್ನು ಮಾಡುವ ಸಣ್ಣ ಕಾರ್ಖಾನೆಯಲ್ಲಿ, ಆ ಪೆಟ್ಟಿಗೆಗಳ ಪ್ರೋಗ್ರಾಂ ಬರೆಯುವವಳು. ತಮ್ಮ ಕೈಚಳಕವನ್ನು ಹತ್ತಿರದಿಂದ ಕಂಡ ಭಾಗ್ಯವಂತೆ.

ನಮ್ಮ ಮೇಲಧಿಕಾರಿಗಳು ಕೋಡಿನ ಸಾಲು ಒಂದು ಕೂದಲೆಳೆಯಷ್ಟು ಓರೆಯಾದರೂ ಸಹಿಸದ ಕಾರಣ ಅವರನ್ನು ನಾವು, ಅವರಿಲ್ಲದಾಗ, ಇಸ್ತ್ರಿ ಸಾಹೇಬರು ಎನ್ನುತ್ತೇವೆ. ತಮ್ಮನ್ನು ಕರೆತಂದವರು ಅವರೇ. "ಇದು ಕಂಪೈಲರ್ ಬರೆದೋರೇ ಮಾಡಿರೋದಮ್ಮ. ಸಾಲು ನೆಟ್ಟಗೆ ಮಾಡುತ್ತೆ, ಬೇರೇನೂ ಮುಟ್ಟಲ್ಲ," ಎಂದರು. ನಂಬಿದೆ.

ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಯಾವ ಯಾವ ಉಷ್ಣತೆ ಬರಬೇಕೆಂಬುದು ನಮ್ಮ ಒಂದು ಫೈಲಿನಲ್ಲಿದೆ; ಯಾವುದಕ್ಕೆ ವೈದ್ಯರ ಅನುಮತಿಯಿದೆ ಎಂಬುದು ಇನ್ನೊಂದರಲ್ಲಿ. ಎರಡರಲ್ಲೂ 36.6 ಎಂದೇ ಬರೆದಿದ್ದೆವು; ಎರಡೂ ಕೊನೆಯ ಅಂಕಿಯವರೆಗೆ ಹೊಂದಿದರೆ ಮಾತ್ರ ಪೆಟ್ಟಿಗೆ ಬಿಸಿಯಾಗುತ್ತದೆ. ಗುಂಡಿಯ ಫೈಲಿನಲ್ಲಿ ಸಹೋದ್ಯೋಗಿಯ ಕೆಲಸ ನಡೆದಿದ್ದರಿಂದ ತಮ್ಮ ಪಾಲಿಗೆ ಅನುಮತಿಯ ಫೈಲು ಮಾತ್ರ ಬಂತು. ತಾವಾದರೋ ಸಾಲು ನೆಟ್ಟಗೆ ಮಾಡಿ ಸುಮ್ಮನಾಗುವ ಅಲ್ಪತೃಪ್ತರಲ್ಲ. ಒಂದೊಂದು ಸಂಖ್ಯೆಯನ್ನೂ ಓದಿ, ಸೊನ್ನೆ ಒಂದುಗಳ ತಮ್ಮ ಭಾಷೆಗೆ ತಂದಿರಿ. ಆ ಭಾಷೆಯಲ್ಲಿ 36.6 ಮುಗಿಯುವುದೇ ಇಲ್ಲವಂತೆ, ಎಲ್ಲಾದರೂ ಕತ್ತರಿಸಲೇಬೇಕಂತೆ. ನಮ್ಮ ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಕೂಡ ಕತ್ತರಿಸುತ್ತದೆ, ಆದರೆ ಬಹುದೂರ ಹೋಗಿ. ತಾವು ಹತ್ತಿರದಲ್ಲೇ ಕತ್ತರಿಸಿ, ನಾವು ಬರೆದಿದ್ದನ್ನು ಎಸೆದು, ಉಳಿದ ತುಂಡನ್ನು 36.599998 ಎಂದು ಮರಳಿ ಬರೆದಿಟ್ಟಿರಿ. ಸಾಲು ಮಾತ್ರ ಬಹಳ ನೆಟ್ಟಗಿತ್ತು.

ಪರೀಕ್ಷೆಯ ಕೋಣೆಯಲ್ಲಿ ನಾವು 36.5 ಮತ್ತು 37ಕ್ಕೆ ಇಟ್ಟು ನೋಡಿದೆವು. ಅರ್ಧವೂ ಪೂರ್ಣವೂ ತಮ್ಮ ಭಾಷೆಯಲ್ಲಿ ಸಲೀಸಾಗಿ ಮುಗಿಯುವುದರಿಂದ ತಮಗೆ ಲೀಲಾಜಾಲ. ಅವನ್ನು ಹಾಗೇ ಬಿಟ್ಟಿದ್ದಿರಿ. ಪೆಟ್ಟಿಗೆ ಆಸ್ಪತ್ರೆಗೆ ಹೋಯಿತು.

ಅಲ್ಲಿ ಶಿಶುಗಳ ವಾರ್ಡಿನಲ್ಲಿ ನನ್ನ ಅತ್ತಿಗೆ ನರ್ಸು. ಬಸ್ ಡ್ರೈವರೊಬ್ಬರ ಮಗಳು ಆಗಷ್ಟೇ, ಅವಸರದಿಂದ, ಹುಟ್ಟಿದ್ದಳು. ವೈದ್ಯರು 36.6 ಎಂದರು. ಅತ್ತಿಗೆ ಗುಂಡಿ ತಿರುಗಿಸಿದರು. ಮಧ್ಯಾಹ್ನ ನನ್ನ ಫೋನ್ ರಿಂಗಾಯಿತು.

"ನಿಮ್ಮ ಪೆಟ್ಟಿಗೆ ಮೂವತ್ತಾರು ಪಾಯಿಂಟ್ ಆರಕ್ಕೆ ಅನುಮತಿ ಇಲ್ಲ ಅಂತಿದೆ ಕಣೇ. ಬೇಕಾದ್ರೆ ಮೂವತ್ತಾರು ಪಾಯಿಂಟ್ ಆರಕ್ಕೆ ಇಡಿ ಅಂತ ಅದೇ ಹೇಳ್ತಿದೆ."

ಪರದೆಯ ಮೇಲೆ ಎಲ್ಲವನ್ನೂ ಒಂದೇ ದಶಮಾಂಶ ಸ್ಥಾನಕ್ಕೆ ಇಳಿಸಿ ತೋರಿಸುವ ಸೌಜನ್ಯ ನಮ್ಮದು; ತಮ್ಮ 36.599998 ಕೂಡ ಅಲ್ಲಿ 36.6 ಎಂದೇ ಕಾಣುತ್ತದೆ.

"ಮಗು ಎಲ್ಲಿದೆ ಅತ್ತಿಗೆ?"

"ಅವಳಮ್ಮನ ಎದೆ ಮೇಲೆ, ಕಂಬಳಿ ಒಳಗೆ. ಇನ್ನೊಂದು ಪೆಟ್ಟಿಗೆ ಖಾಲಿ ಇಲ್ಲ. ಏನು ಮಾಡ್ಲಿ ಹೇಳು."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಫೈಲು ತೆರೆದೆ. ತಮ್ಮ ಸುಂದರವಾದ ಸಾಲುಗಳ ನಡುವೆ ಆ 36.599998 ಕಂಡಿತೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಅದರ ಮೇಲಿನ ಸಾಲಿನಲ್ಲಿ 36.5 ಕೆಡದೆ ಉಳಿದಿತ್ತು.

"ಮೂವತ್ತಾರೂವರೆಗೆ ಇಡಬಹುದಾ ಅಂತ ಡಾಕ್ಟರನ್ನ ಕೇಳಿ."

ಆ ಕಡೆ ಡಾಕ್ಟರನ್ನು ಕೇಳಿದ ಸದ್ದು, ಗುಂಡಿ ತಿರುಗಿಸಿದ ಸದ್ದು.

"ಹಿಡೀತು," ಎಂದರು ಅತ್ತಿಗೆ. "ಬಿಸಿ ಬರ್ತಿದೆ." ಫೋನಿಟ್ಟರು.

ಮಾನ್ಯರೇ, ತಮ್ಮನ್ನು ಸೃಷ್ಟಿಸಿದವರಿಗೆ ದೂರು ಬರೆದೆ. ವ್ಯತ್ಯಾಸವು ಗಣನೆಗೆ ಬಾರದಷ್ಟು ಸಣ್ಣದೆಂದು ಉತ್ತರ ಬಂತು. ಅವರ ಮಾತು ದಿಟ. ಆ ಶಿಶುವೂ ಹಾಗೇ ಇತ್ತು, ಅತ್ತಿಗೆಯ ಒಂದು ಅಂಗೈಯಲ್ಲಿ ಹಿಡಿಯುವಷ್ಟು. ಆದ್ದರಿಂದ ತಮ್ಮ ಘನತೆಗೆ ಕುಂದು ಬಾರದಂತೆ ನನ್ನ ಬೇಡಿಕೆಗಳನ್ನು ಸಲ್ಲಿಸುತ್ತಿದ್ದೇನೆ. ಮುಂದೆ ಹುಟ್ಟುವ ಶಿಶುಗಳೆಲ್ಲ ಅರ್ಧ, ಕಾಲು, ಅರೆಕಾಲು ಡಿಗ್ರಿಯ ಲೆಕ್ಕದಲ್ಲೇ ಬೆಚ್ಚಗಾಗುವಂತೆ ತಾವು ಆಜ್ಞೆ ಹೊರಡಿಸಬೇಕು. ಮನುಷ್ಯರಿಗೆ ಹತ್ತರ ಬದಲು ಎಂಟು ಬೆರಳು ಮಂಜೂರು ಮಾಡಿದರೆ ಲೆಕ್ಕ ತಮ್ಮ ಹದಕ್ಕೆ ಬಂದೀತು. ಇವೆರಡೂ ತಡವಾಗುವುದಾದರೆ, ನಾವು ಬರೆದ ಸಂಖ್ಯೆಯನ್ನು ಬರೆದ ಅಕ್ಷರಗಳಲ್ಲೇ ಇಟ್ಟುಕೊಂಡು, ಹಾಗೇ ಹಿಂದಿರುಗಿಸುವ ಕೃಪೆ ಮಾಡಬೇಕು.

ಈ ಕೊನೆಯ ಬೇಡಿಕೆಯನ್ನು ತಮ್ಮ ಉತ್ತರಕ್ಕೆ ಕಾಯದೆ ನಾನೇ ಈಡೇರಿಸಿಕೊಂಡಿದ್ದೇನೆ. ತಮ್ಮ ಒಳಗನ್ನು ಬಿಚ್ಚಿ, ಪ್ರತಿ ಸಂಖ್ಯೆಯ ಮೂಲ ಬರಹಕ್ಕೂ ಒಂದು ಜಾಗ ಮಾಡಿಟ್ಟೆ. ಆ ಕೆಲಸ ಮುಗಿಯುವವರೆಗೂ ಸಾಹೇಬರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು; ನನ್ನ ಸಾಲುಗಳು ಓರೆಯಾಗಿದ್ದರೂ ಒಂದು ಮಾತೂ ಆಡಲಿಲ್ಲ. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋಗಿ ಪೆಟ್ಟಿಗೆಗೆ ಸರಿಯಾದ ಪ್ರೋಗ್ರಾಂ ತುಂಬಿಸಿದೆವು. ಡ್ರೈವರು ಗಾಜಿಗೆ ಹಣೆ ತಾಗಿಸಿ ನಿಂತಿದ್ದರು. ನಾವು ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ಮೆಲ್ಲಗೆ ಮಾತಾಡಿ, ಮಲಗಿದ್ದಾಳೆ," ಎಂದರು.

ಇಷ್ಟಾದರೂ
ತಮ್ಮ ವಿಶ್ವಾಸಿ,
ಪೆಟ್ಟಿಗೆಯ ಪ್ರೋಗ್ರಾಂ ಬರೆಯುವವಳು

ಮರೆತ ಮಾತು: ಈ ಪತ್ರವನ್ನು ದಯವಿಟ್ಟು ಒಪ್ಪಗೊಳಿಸಬೇಡಿ. ಓದಿದರೆ ಸಾಕು.